ಸೆರೆಮನೆಗೆ ಹೋದವರ ಮಕ್ಕಳ ಮಾಸ್ತರರು

ಗಾಂಧೀಜಿಯವರ ಜೀವನವನ್ನು ನಾವು ತರಗತಿಯಲ್ಲಿ ಚಂಪಾರಣ್ಯ, ದಂಡಿ, ಕ್ವಿಟ್ ಇಂಡಿಯಾ ಎಂಬ ಕ್ರಮದಲ್ಲಿ ಹೇಳುತ್ತೇವೆ. ಅವರು ಜೈಲಿಗೆ ಹೋದ ತಂದೆಯೂ ಹೌದು, ಜೈಲಿಗೆ ಹೋದವರ ಮಕ್ಕಳಿಗೆ ಪಾಠ ಹೇಳಿದ ಮಾಸ್ತರರೂ ಹೌದು. ನಾಳೆ ನಮ್ಮ ತರಗತಿಯಲ್ಲೂ ಅಂಥ ಮಗುವೊಂದು ಇರಬಹುದು. ಹಾಗಾಗಿ ಶಿಕ್ಷಕರಾಗಲು ಹೊರಟ ನಮಗೆ ಈ ಭಾಗವೇ ಹೆಚ್ಚು ಬೇಕು ಎಂದು ನನಗನ್ನಿಸುತ್ತದೆ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಬ್ಯಾರಿಸ್ಟರ್ ಆಗಿ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಹರಿಲಾಲ, ಮಣಿಲಾಲ, ರಾಮದಾಸ, ದೇವದಾಸ ಎಂಬ ನಾಲ್ವರು ಮಕ್ಕಳು. ಟ್ರಾನ್ಸ್‌ವಾಲ್ ಸರ್ಕಾರದ ನೋಂದಣಿ ಕಾಯ್ದೆಯನ್ನು ಪ್ರತಿಭಟಿಸಿ 1908ರ ಜನವರಿಯಲ್ಲಿ ಮೊದಲ ಸಲ ಜೈಲು ಸೇರಿದರು. 1909ರಲ್ಲಿ ಪ್ರಿಟೋರಿಯಾ ಜೈಲಿನಲ್ಲಿದ್ದಾಗ ತಿಂಗಳಿಗೆ ಒಂದೇ ಪತ್ರ ಬರೆಯಲು ಅವಕಾಶವಿತ್ತು. ಅದನ್ನು ಅವರು 16 ವರ್ಷದ ಮಣಿಲಾಲನಿಗೆ ಬರೆದರು. ಕಾಯಿಲೆಯ ತಾಯಿಯ ಆರೈಕೆ, ತಮ್ಮಂದಿರ ಜವಾಬ್ದಾರಿ ಎಲ್ಲ ಆ ಹುಡುಗನ ಹೆಗಲ ಮೇಲಿತ್ತು. ಅದರ ನಡುವೆ ಗಣಿತ, ಸಂಸ್ಕೃತ ಬಿಡಬಾರದೆಂದು ತಂದೆ ನೆನಪಿಸಿದರು.

ಸತ್ಯಾಗ್ರಹಿಗಳು ಒಬ್ಬೊಬ್ಬರಾಗಿ ಜೈಲಿಗೆ ಹೋದಂತೆ ಅವರ ಮನೆಗಳನ್ನು ನಡೆಸುವುದು ದೊಡ್ಡ ಪ್ರಶ್ನೆಯಾಯಿತು. ತಿಂಗಳು ತಿಂಗಳು ಹಣ ಕೊಟ್ಟರೆ ನಿಧಿ ಕರಗುತ್ತಿತ್ತು, ಹಂಚಿಕೆಯಲ್ಲಿ ನ್ಯಾಯ ಕಾಯುವುದೂ ಕಷ್ಟವಾಗಿತ್ತು. 1910ರ ಮೇ 30ರಂದು ಗೆಳೆಯ ಹರ್ಮನ್ ಕಾಲೆನ್‌ಬಾಕ್ ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದ 1,100 ಎಕರೆ ಜಮೀನನ್ನು ಬಳಸಲು ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿದ್ದ ಮಕ್ಕಳು 20ರಿಂದ 30. ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಎಲ್ಲ ಮನೆಯವರಿದ್ದರು. ಗುಜರಾತಿ, ತಮಿಳು, ತೆಲುಗು, ಹಿಂದಿ ಎಲ್ಲ ಮಾತುಗಳೂ ಕೇಳುತ್ತಿದ್ದವು.

ಬೆಳಿಗ್ಗೆ ತೋಟದ ಕೆಲಸ, ಅಡುಗೆ, ಬಡಗಿ ಕೆಲಸ. ಪಾಠ ಮಧ್ಯಾಹ್ನದ ಊಟದ ನಂತರ. ಮಕ್ಕಳೂ ತೂಕಡಿಸುತ್ತಿದ್ದರು, ಮಾಸ್ತರರೂ ತೂಕಡಿಸುತ್ತಿದ್ದರು. ಕಣ್ಣಿಗೆ ನೀರು ಹಾಕಿಕೊಂಡು ಪಾಠ ಮುಂದುವರಿಯುತ್ತಿತ್ತು. ಪಠ್ಯಪುಸ್ತಕಕ್ಕಿಂತ ಬಾಯಿಮಾತಿನ ಪಾಠವೇ ಹೆಚ್ಚು. ಶಿಕ್ಷಕರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬ ನಿಯಮವಿತ್ತು. ರಂಜಾನ್ ತಿಂಗಳಲ್ಲಿ ಮುಸ್ಲಿಂ ಹುಡುಗರು ಒಂಟಿಯಾಗಬಾರದೆಂದು ಬೇರೆಯವರೂ ಉಪವಾಸಕ್ಕೆ ಜೊತೆಯಾದರು. ತುಂಟ ಹುಡುಗರ ಜೊತೆ ಸ್ವಂತ ಮಕ್ಕಳನ್ನು ಬೆರೆಸುವುದನ್ನು ಕಾಲೆನ್‌ಬಾಕ್ ಆಕ್ಷೇಪಿಸಿದಾಗಲೂ ಗಾಂಧೀಜಿ ಬೇರ್ಪಡಿಸಲು ಒಪ್ಪಲಿಲ್ಲ.

ಇದಕ್ಕೆ ಅವರ ಮನೆ ತೆತ್ತ ಬೆಲೆಯನ್ನೂ ಹೇಳಬೇಕು. ತಾನೂ ಹಲವು ಸಲ ಜೈಲಿಗೆ ಹೋದ ಹರಿಲಾಲ, ಸರಿಯಾದ ಶಾಲಾ ಶಿಕ್ಷಣ ಸಿಗಲಿಲ್ಲವೆಂಬ ನೋವಿನಲ್ಲಿ 1911ರಲ್ಲಿ ತಂದೆಯನ್ನು ಬಿಟ್ಟು ಹೋದ. ಆ ಬಿರುಕು ಕೊನೆಯವರೆಗೂ ಮುಚ್ಚಲಿಲ್ಲ. 1913ರಲ್ಲಿ ಕಸ್ತೂರಬಾ ಅವರೂ ಜೈಲಿಗೆ ಹೋದರು. 13 ವರ್ಷದ ದೇವದಾಸ ಫೀನಿಕ್ಸ್ ಆಶ್ರಮದಲ್ಲಿ ಉಳಿದ.

ಭಾರತಕ್ಕೆ ಬಂದ ಮೇಲೂ ಈ ಮಾಸ್ತರಿಕೆ ನಿಲ್ಲಲಿಲ್ಲ. 1922ರಲ್ಲಿ ಯೆರವಡಾ ಜೈಲಿನಲ್ಲಿ ಕುಳಿತು ಚಿಕ್ಕ ಮಕ್ಕಳಿಗಾಗಿ ಬಾಲಪೋಥಿ ಎಂಬ ಪುಸ್ತಕ ಬರೆದರು. 1930ರಲ್ಲಿ ಅಲ್ಲಿಂದಲೇ ಆಶ್ರಮದ ಮಕ್ಕಳಿಗೆ ಪತ್ರ ಬರೆಯುತ್ತಿದ್ದರು. 1934ರಲ್ಲಿ ಹರಿಜನ ಪ್ರವಾಸದಲ್ಲಿ ನಮ್ಮ ಸಿರ್ಸಿಗೆ ಬಂದರು. ಆ ಹೊತ್ತಿಗೆ ಸಿದ್ದಾಪುರ, ಅಂಕೋಲಾ ಕಡೆ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡು, ಜೈಲು ಕಂಡ ಮನೆಗಳಿದ್ದವು. ಜೈಲಿಗೆ ಹೋದವರಲ್ಲಿ ಹೆಂಗಸರೂ ಇದ್ದರು. 1948ರ ಜನವರಿ 30ರಂದು ಗಾಂಧೀಜಿ ಹತರಾದರು.

ಆ ಮಕ್ಕಳಿಗೆ ತಂದೆತಾಯಿ ಜೈಲಿನಲ್ಲಿದ್ದಾರೆಂಬುದು ಹೆಮ್ಮೆಯ ಮಾತಾಗಿತ್ತು. ಇಂದಿನ ಮಗುವಿಗೆ ಅದು ಬಚ್ಚಿಡುವ ಮಾತು. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು ತಾಯಿಯ ಜೊತೆ ಜೈಲಿನಲ್ಲಿ 6 ವರ್ಷದವರೆಗೆ ಮಾತ್ರ ಇರಬಹುದು. ಅಂದರೆ ತಾಯಿಯನ್ನು ಅಗಲುವ ವಯಸ್ಸೂ ಒಂದನೇ ತರಗತಿಗೆ ಸೇರುವ ವಯಸ್ಸೂ ಒಂದೇ. ಅಭ್ಯಾಸ ಬೋಧನೆಗೆ ಹೋದಾಗ ತಂದೆಯ ಉದ್ಯೋಗವನ್ನು ಎಲ್ಲರೆದುರು ಕೂಗಿ ಕೇಳದಿರುವುದು, ಗೊತ್ತಾದದ್ದನ್ನು ಸ್ಟಾಫ್ ರೂಮಿನ ಮಾತಾಗಿಸದಿರುವುದು, ಜೈಲಿನ ಭೇಟಿಗೆ ಹೋದ ದಿನದ ಪಾಠವನ್ನು ಮರುದಿನ ಹೇಳಿಕೊಡುವುದು, ಪತ್ರಲೇಖನದ ಪಾಠದಲ್ಲಿ ಯಾರಿಗೆ ಬರೆಯಬೇಕೆಂಬುದನ್ನು ಮಗುವಿಗೇ ಬಿಡುವುದು, ಇಷ್ಟಂತೂ ನಮ್ಮ ಕೈಯಲ್ಲಿದೆ. ಬೇರೆ ಕೂರಿಸದೆ ಎಲ್ಲರ ಜೊತೆ ಕೂರಿಸುವುದು ಟಾಲ್‌ಸ್ಟಾಯ್ ಫಾರ್ಮಿನ ಮೊದಲ ಪಾಠ. ಅದಕ್ಕೆ ಪಾಠೋಪಕರಣ ಏನೂ ಬೇಡ.