ಬಣ್ಣದ ಬೆನ್ನು ಹತ್ತಿದ ವಿಜ್ಞಾನಿ ಸಿ.ವಿ. ರಾಮನ್



ನಮ್ಮ ಕಾವೂರಿನಿಂದ ಪಣಂಬೂರಿನ ಕಡಲತೀರ ದೂರವೇನಲ್ಲ. ಅಲ್ಲಿ ನಿಂತಾಗ ಕಡಲು ಏಕೆ ನೀಲಿ ಎಂದು ಎಂದಾದರೂ ಯೋಚಿಸಿದ್ದೀರಾ? 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರವನ್ನು ಕಂಡು ಇದೇ ಪ್ರಶ್ನೆ ಕೇಳಿಕೊಂಡರು. ಅದು ಬರೀ ಆಕಾಶದ ಪ್ರತಿಬಿಂಬ ಎಂಬ ಮಾತನ್ನು ಅವರು ಒಪ್ಪಲಿಲ್ಲ. ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು.

ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಕಲ್ಕತ್ತದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಯ ಕೆಲಸ ಮುಗಿದ ಮೇಲೆ ಪ್ರಯೋಗಶಾಲೆಗೆ ಹೋಗಿ ಸಂಶೋಧನೆ ನಡೆಸುತ್ತಿದ್ದರು. 1917ರಲ್ಲಿ ಒಳ್ಳೆಯ ಸಂಬಳದ ಆ ಹುದ್ದೆಯನ್ನೇ ಬಿಟ್ಟು ಪ್ರಾಧ್ಯಾಪಕರಾದರು. 1928ರಲ್ಲಿ 'ರಾಮನ್ ಪರಿಣಾಮ'ವನ್ನು ಕಂಡುಹಿಡಿದರು. ಅದಕ್ಕಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು.

ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಕೈಗೆತ್ತಿಕೊಂಡ ವಿಷಯವೇ ಕಣ್ಣು ಮತ್ತು ಬಣ್ಣ. ಅವರ ಪ್ರಯೋಗ ಬಹಳ ಸರಳ. ಚೆನ್ನಾಗಿ ಬೆಳಗಿದ ಬಿಳಿ ಪರದೆಯನ್ನು ಬಣ್ಣದ ಗಾಜಿನಂಥ ಶೋಧಕದ ಮೂಲಕ ಸ್ವಲ್ಪ ಹೊತ್ತು ದಿಟ್ಟಿಸುವುದು. ನಂತರ ಶೋಧಕವನ್ನು ಥಟ್ಟನೆ ತೆಗೆಯುವುದು. ಆಗ ಪರದೆ ಒಂದೇ ಸಮನಾಗಿ ಕಾಣುವುದಿಲ್ಲ. ನಡುವೆ ಒಂದು ಬಗೆ, ಸುತ್ತ ಇನ್ನೊಂದು ಬಗೆ. ತಾನು ನೋಡುತ್ತಿರುವುದು ತನ್ನದೇ ಅಕ್ಷಿಪಟಲದ ಚಿತ್ರವನ್ನು ಎಂದು ರಾಮನ್ ಅರಿತರು. ಪರದೆಯಲ್ಲಿ ದೋಷವಿರಲಿಲ್ಲ. ಕಣ್ಣೇ ಎಲ್ಲ ಕಡೆ ಒಂದೇ ತೆರನಾಗಿಲ್ಲ! ಈ ಅಧ್ಯಯನಗಳನ್ನೆಲ್ಲ ಅವರು 1968ರಲ್ಲಿ ಗ್ರಂಥವಾಗಿ ಹೊರತಂದರು.

ಆದರೆ ಮೂರು ಮೂಲ ಸಂವೇದನೆಗಳಿಂದ ಎಲ್ಲ ಬಣ್ಣಗಳೂ ಕಾಣುತ್ತವೆ ಎಂಬ ಸಿದ್ಧಾಂತವನ್ನು ರಾಮನ್ ತಿರಸ್ಕರಿಸಿದ್ದರು. ಅವರ ಈ ವಾದವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿರುವುದು ಅಳತೆಯಿಂದ ಖಚಿತವಾಯಿತು. ನೊಬೆಲ್ ಪಡೆದವರ ಮಾತಾದರೂ ವಿಜ್ಞಾನದಲ್ಲಿ ಅಳತೆಯ ಮುಂದೆ ನಿಲ್ಲಲೇಬೇಕು.

ಇಂದು ಕಂಪ್ಯೂಟರ್ ಓದುವ ನಿಮಗೆ ಈ ಪಾಠ ಬಹಳ ಮುಖ್ಯ. ತಲೆಗೆ ಧರಿಸುವ ವಿ.ಆರ್. ಕನ್ನಡಕದಲ್ಲಿ ಪುಟ್ಟ ಪರದೆಯನ್ನು ಲೆನ್ಸ್ ಮೂಲಕ ನೋಡುತ್ತೇವೆ. ಅಂಚಿನಲ್ಲಿ ಬಣ್ಣ ಬೇರೆಯಾಗಿ ಕಂಡರೆ ತಪ್ಪು ಪರದೆಯದೋ, ಲೆನ್ಸಿನದೋ, ಕಣ್ಣಿನದೋ? ಬರಿಗಣ್ಣನ್ನು ನಂಬಿದರೆ ತಿಳಿಯದು. ಹಾಗಾಗಿ ತಂತ್ರಜ್ಞರು ಕಣ್ಣಿರುವ ಜಾಗದಲ್ಲಿ ಕ್ಯಾಮೆರಾ ಇಟ್ಟು, ಪರದೆಯ ಒಂದೊಂದು ಭಾಗವನ್ನೂ ಅಳೆದು, ಹೆಚ್ಚುಕಡಿಮೆಯನ್ನು ಸರಿಪಡಿಸುತ್ತಾರೆ.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ದುಬಾರಿ ಉಪಕರಣಗಳಿಲ್ಲ ಎಂದು ಕೊರಗುವ ವಿದ್ಯಾರ್ಥಿಗಳೇ, ಅವರ ಬಿಳಿ ಪರದೆಯನ್ನು ನೆನಪಿಡಿ. ಪ್ರಶ್ನೆ ಕೇಳಿ, ಕಂಡದ್ದನ್ನು ಅಳೆದು ನೋಡಿ, ಆಮೇಲೆ ನಂಬಿ.