ವಿಜ್ಞಾನಿ ಡಾ. ಕಮಲಾ ಸೊಹೋನಿ

ನಮ್ಮ ಹೊಸೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಇಂದು ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ಸಂಶೋಧನೆ ನಡೆಸುತ್ತಿದ್ದಾರೆ. ಹೆಣ್ಣೆಂಬ ಒಂದೇ ಕಾರಣಕ್ಕೆ ಮುಚ್ಚಿದ್ದ ಆ ಬಾಗಿಲನ್ನು ತಟ್ಟಿ ತೆರೆಸಿದ ಧೀರ ಮಹಿಳೆ ಡಾ. ಕಮಲಾ ಸೊಹೋನಿ.

ಕಮಲಾ 1911ರಲ್ಲಿ ಇಂದೂರಿನಲ್ಲಿ ಜನಿಸಿದರು. ತವರಿನ ಹೆಸರು ಭಾಗವತ್. ತಂದೆಯೂ ತಂದೆಯ ಸಹೋದರನೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಓದಿದ ರಸಾಯನ ವಿಜ್ಞಾನಿಗಳು. ಮಗಳೂ ಅದೇ ಹಾದಿ ಹಿಡಿದಳು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು ಬೆಂಗಳೂರಿಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ನೊಬೆಲ್ ಪಾರಿತೋಷಕ ಪಡೆದ ಸರ್ ಸಿ. ವಿ. ರಾಮನ್. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ಅವರು ಅರ್ಜಿಯನ್ನು ತಳ್ಳಿಹಾಕಿದರು.

ಕಮಲಾ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬೆಂಗಳೂರಿಗೇ ಬಂದು ಕಾರಣ ಕೇಳಿದರು. ಗಾಂಧೀಜಿಯವರ ಹಾದಿಯಲ್ಲಿ ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಪರೀಕ್ಷಾರ್ಥ. ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಮಾನ್ಯತೆಯಿಲ್ಲ. ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಜೊತೆಯ ಯಾವ ಗಂಡು ವಿದ್ಯಾರ್ಥಿಗೂ ಇಲ್ಲದ ಈ ಕಟ್ಟುಪಾಡು ಅವರ ಮನಸ್ಸಿಗೆ ಬಹಳ ನೋವು ತಂದಿತು. ಆದರೂ ಶ್ರೀನಿವಾಸಯ್ಯನವರೆಂಬ ಶಿಸ್ತಿನ ಗುರುಗಳ ಕೈಕೆಳಗೆ ಹಗಲಿರುಳೆನ್ನದೆ ದುಡಿದರು. ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ನರ ಮನಸ್ಸು ಬದಲಾಯಿತು. ಮುಂದೆ ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ದೊಡ್ಡವರೂ ತಪ್ಪಬಹುದು, ತಿದ್ದಿಕೊಂಡರೆ ಅದು ದೊಡ್ಡತನವೇ.

ಅನಂತರ ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋದರು. ಜೀವಕೋಶಗಳ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಎಂಬ ವಸ್ತು ಸಸ್ಯಗಳಲ್ಲೂ ಇದೆಯೆಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪದವಿಯೊಡನೆ ಸ್ವದೇಶಕ್ಕೆ ಮರಳಿದರು. ದೆಹಲಿಯಲ್ಲಿಯೂ, ನಮ್ಮ ತಮಿಳುನಾಡಿನ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿಯೂ ಕೆಲಸ ಮಾಡಿದರು. 1947ರಲ್ಲಿ ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯೂ ನಿರ್ದೇಶಕ ಪದವಿ ಅರ್ಹತೆಯಿದ್ದರೂ ತಡವಾಗಿಯೇ ಬಂದಿತು.

ಅವರು ಆರಿಸಿಕೊಂಡದ್ದು ಬಡವರ ಊಟದ ವಿಷಯ. ಬೇಳೆಕಾಳು, ಅಕ್ಕಿಹಿಟ್ಟು, ತಾಳೆಬೆಲ್ಲ, ನೀರಾ ಇವುಗಳ ಪೌಷ್ಟಿಕ ಗುಣವನ್ನು ಅವರೂ ಅವರ ಶಿಷ್ಯರೂ ಪರೀಕ್ಷಿಸಿದರು. ನೀರಾ ಕುರಿತ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ಮುಂದೆ ಗ್ರಾಹಕರಿಗೆ ತಿಳುವಳಿಕೆ ನೀಡುವ ಸಂಘದಲ್ಲಿ ದುಡಿದು, ಲೇಖನಗಳನ್ನೂ ಬರೆದರು. 1998ರಲ್ಲಿ ಅವರು ತೀರಿಕೊಂಡರು.

ಮಕ್ಕಳೇ, ಈ ಬಾಳಿನಿಂದ ನಾವು ಎರಡು ಪಾಠ ಕಲಿಯಬಹುದು. ಪ್ರಯೋಗಶಾಲೆಯಲ್ಲಿ ಅಳೆಯಬೇಕಾದದ್ದು ಕೆಲಸವನ್ನು, ಕೆಲಸ ಮಾಡುವವರು ಗಂಡೋ ಹೆಣ್ಣೋ ಎಂಬುದನ್ನಲ್ಲ. ಅಲ್ಲಿ ಗಳಿಸಿದ ಜ್ಞಾನ ಜನರ ಊಟದ ತಟ್ಟೆಯವರೆಗೂ ಬರಬೇಕು. ನಮ್ಮ ಹೊಲಗಳ ರಾಗಿ, ಅವರೆ, ಹುರುಳಿಯಲ್ಲೂ ವಿಜ್ಞಾನಕ್ಕೆ ಬೇಕಾದಷ್ಟು ಕೆಲಸವಿದೆ. ಪೋಷಕರಲ್ಲಿ ನಮ್ಮದೊಂದು ವಿನಂತಿ: ಹತ್ತನೆಯ ತರಗತಿಗೇ ಮಗಳ ಓದನ್ನು ನಿಲ್ಲಿಸಬೇಡಿ. ಅವಳಿಗೆ ಮೊದಲು ತೆರೆಯಬೇಕಾದ ಬಾಗಿಲು ಮನೆಯದೇ.