ಹೊಸೂರಿನಿಂದ ಓಹಿಯೋಗೆ

ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದರು. ಮನೆಯಲ್ಲಿ ತುಂಬಾ ಬಡತನ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ, ಬಸ್ಸಿಗೆ ದುಡ್ಡೂ ಇರಲಿಲ್ಲ. 1935ರಲ್ಲಿ ನಡೆದುಕೊಂಡೇ ಬೆಂಗಳೂರು ತಲುಪಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಕೆಲಸ ಸಿಕ್ಕಿದ ಮೇಲೆ ಹೆಚ್ಚಿನವರು ಪುಸ್ತಕ ಮುಚ್ಚಿಡುತ್ತಾರೆ. ಇವರು ಮೂವತ್ತೈದು ದಾಟಿದ ಮೇಲೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಮತ್ತೆ ವಿದ್ಯಾರ್ಥಿಯಾದರು! ಪಿಯುಸಿಯಲ್ಲಿ ಒಂದು ವರ್ಷ ಹೋದರೆ ನಾವು ಎಷ್ಟು ಹೆದರುತ್ತೇವೆ. 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಉಳಿಯಲಿಲ್ಲ, ಅದೇ ನ್ಯಾಷನಲ್ ಕಾಲೇಜಿಗೆ ವಾಪಸ್ ಬಂದು ಪ್ರಿನ್ಸಿಪಾಲರಾದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗಲಿಲ್ಲ, ಕಾಲೇಜಿನ ಹಾಸ್ಟೆಲ್ ಕೋಣೆಯೇ ಅವರ ಮನೆಯಾಗಿತ್ತು. 2005ರಲ್ಲಿ ತೀರಿಕೊಂಡರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಇಂದಿಗೂ ನ್ಯಾಷನಲ್ ಕಾಲೇಜುಗಳಿವೆ.